ಊರು ಬಿಟ್ಟರೂ ವಿಮೆಯ ರಿಯಾಯಿತಿ ಬಿಡಬೇಡಿ

ನಮ್ಮ ಆಲೂರು, ಆದೋನಿ ಕಡೆಯ ಜನರಿಗೆ ದುಡಿಯಲಿಕ್ಕೆ ಊರು ಬಿಡುವುದು ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲಿಕ್ಕೆ ಗುಳೆ ಹೋಗುತ್ತಾರೆ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ಕೆಲವರು ಇನ್ನೂ ದೂರ, ಕುವೈತ್, ದುಬೈ, ಸೌದಿಗೆ ಡ್ರೈವರ್ ಕೆಲಸಕ್ಕೆ ಹೋಗುತ್ತಾರೆ.

ಹೊರಡುವ ಮುಂಚೆ ಪಾಸ್‌ಪೋರ್ಟು ನೋಡುತ್ತೇವೆ. ವೀಸಾ ನೋಡುತ್ತೇವೆ. ಹೊಲ ಯಾರಿಗೆ ಪಾಲಿಗೆ ಕೊಡಬೇಕು ಅಂತ ಮಾತಾಡುತ್ತೇವೆ. ಮನೆ ಮುಂದೆ ನಿಂತ ಕಾರನ್ನು ಮಾತ್ರ ಮರೆಯುತ್ತೇವೆ. "ಗಾಡಿ ತಮ್ಮ ನೋಡಿಕೊಳ್ತಾನೆ ಬಿಡು" ಅಂತ ಬೀಗದ ಕೈ ಕೊಟ್ಟು ಹೋಗುತ್ತೇವೆ. ಇನ್ಸೂರೆನ್ಸ್ ತಾರೀಖು ಯಾರಿಗೂ ನೆನಪಿರುವುದಿಲ್ಲ. ಐದು ವರ್ಷ ಗಳಿಸಿದ ರಿಯಾಯಿತಿ ಮೂರು ತಿಂಗಳಲ್ಲಿ ಹೋಗುತ್ತದೆ. ಅದನ್ನು ಉಳಿಸಿಕೊಳ್ಳುವುದು ಹೇಗೆ? ಬನ್ನಿ, ತಿಳಿಯೋಣ.

ನೋ ಕ್ಲೇಮ್ ಬೋನಸ್ ಅಂದರೇನು?

ಬೋನಸ್ ಅಂದ ಕೂಡಲೇ ಕೈಗೆ ಬರುವ ದುಡ್ಡು ಅಂತ ತಿಳಿಯುತ್ತೇವೆ. ಇದು ಹಾಗಲ್ಲ. ಇದು ನೀವು ಕಟ್ಟುವ ಪ್ರೀಮಿಯಂನಲ್ಲಿ ಕಡಿಮೆಯಾಗುವ ದುಡ್ಡು.

ಕಾರಿನ ವಿಮೆಯಲ್ಲಿ ಎರಡು ಭಾಗ ಇರುತ್ತವೆ. ಒಂದು ಥರ್ಡ್ ಪಾರ್ಟಿ. ನಿಮ್ಮ ಗಾಡಿಯಿಂದ ಬೇರೆಯವರಿಗೆ ಪೆಟ್ಟಾದರೆ, ಜೀವ ಹೋದರೆ ಇದರಿಂದ ಪರಿಹಾರ ಸಿಗುತ್ತದೆ. ರಸ್ತೆಗೆ ಇಳಿಯುವ ಪ್ರತಿ ಗಾಡಿಗೂ ಇದು ಕಡ್ಡಾಯ. ಎರಡನೆಯದು ಓನ್ ಡ್ಯಾಮೇಜ್, ಅಂದರೆ ಸ್ವಂತ ಗಾಡಿಯ ಹಾನಿ. ನಿಮ್ಮ ಕಾರು ಜಖಂ ಆದರೆ, ಕಳುವಾದರೆ, ಬೆಂಕಿಗೆ ಸಿಕ್ಕರೆ ಇದರಿಂದ ದುಡ್ಡು ಬರುತ್ತದೆ.

ಒಂದು ಇಡೀ ವರ್ಷ ನೀವು ಸ್ವಂತ ಹಾನಿಗೆ ಕ್ಲೇಮು ಮಾಡಲಿಲ್ಲ ಅನ್ನಿ. ಆಗ ಮುಂದಿನ ವರ್ಷ ಕಂಪನಿ ರಿಯಾಯಿತಿ ಕೊಡುತ್ತದೆ. ಇದೇ ನೋ ಕ್ಲೇಮ್ ಬೋನಸ್. ಇದು ಎರಡನೆಯ ಭಾಗಕ್ಕೆ ಮಾತ್ರ. ಥರ್ಡ್ ಪಾರ್ಟಿ ದುಡ್ಡಿನಲ್ಲಿ ರಿಯಾಯಿತಿ ಇಲ್ಲ.

ರಿಯಾಯಿತಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ:

1 ವರ್ಷ ಕ್ಲೇಮು ಇಲ್ಲದಿದ್ದರೆ – ನೂರಕ್ಕೆ 20
ಸತತ 2 ವರ್ಷ – ನೂರಕ್ಕೆ 25
ಸತತ 3 ವರ್ಷ – ನೂರಕ್ಕೆ 35
ಸತತ 4 ವರ್ಷ – ನೂರಕ್ಕೆ 45
ಸತತ 5 ವರ್ಷ – ನೂರಕ್ಕೆ 50

50ರ ಮೇಲೆ ಏರುವುದಿಲ್ಲ. ಏರಲಿಕ್ಕೆ ಐದು ವರ್ಷ ಬೇಕು. ಇಳಿಯಲಿಕ್ಕೆ ಒಂದೇ ಕ್ಲೇಮು ಸಾಕು. ಇಲ್ಲವೇ ಒಂದು ತಾರೀಖು ತಪ್ಪಿದರೂ ಸಾಕು.

ಲೆಕ್ಕ ಹಾಕಿ ನೋಡೋಣ

ನಿಮ್ಮ ಕಾರಿನ ಸ್ವಂತ ಹಾನಿ ಭಾಗದ ಪ್ರೀಮಿಯಂ 8,000 ರೂಪಾಯಿ ಅಂತ ಇಟ್ಟುಕೊಳ್ಳಿ. ಪ್ರತಿ ವರ್ಷ ಅಷ್ಟೇ ಇರುತ್ತದೆ ಅಂತಲೂ ಇಟ್ಟುಕೊಳ್ಳಿ. ನಿಮಗೆ ನೂರಕ್ಕೆ 50 ರಿಯಾಯಿತಿ ಇದೆ. ಹಾಗಾದರೆ ನೀವು ಕಟ್ಟುವುದು 4,000.

ಈಗ ರಿಯಾಯಿತಿ ಹೋಯಿತು ಅನ್ನಿ. ಮೊದಲನೆಯ ವರ್ಷ ಪೂರ್ತಿ 8,000 ಕಟ್ಟಬೇಕು. ಎರಡನೆಯ ವರ್ಷ 6,400. ಮೂರನೆಯ ವರ್ಷ 6,000. ನಾಲ್ಕನೆಯ ವರ್ಷ 5,200. ಐದನೆಯ ವರ್ಷ 4,400. ಆರನೆಯ ವರ್ಷ ಮತ್ತೆ 4,000ಕ್ಕೆ ಬರುತ್ತೀರಿ. ಈ ಐದು ವರ್ಷದಲ್ಲಿ ಹೆಚ್ಚಿಗೆ ಕಟ್ಟಿದ್ದು ಎಷ್ಟು? 4,000, 2,400, 2,000, 1,200, 400. ಕೂಡಿಸಿದರೆ 10,000 ರೂಪಾಯಿ.

"ಎರಡು ವರ್ಷ ಊರಲ್ಲಿ ಇರೋದಿಲ್ಲ. ಕಟ್ಟದೆ ಬಿಟ್ಟರೆ 8,000 ಉಳಿಯುತ್ತದಲ್ಲ?" ಅಂತ ನೀವು ಕೇಳಬಹುದು. ಹೌದು, 8,000 ಉಳಿಯುತ್ತದೆ. ಆದರೆ 10,000 ಹೋಗುತ್ತದೆ. ಆ ಎರಡು ವರ್ಷದಲ್ಲಿ ಕಾರು ಕಳುವಾದರೆ ಒಂದು ಪೈಸೆಯೂ ಬರುವುದಿಲ್ಲ.

90 ದಿನದ ಗಡುವು

ಪಾಲಿಸಿ ಮುಗಿದ ಮೇಲೆ 90 ದಿನದ ಒಳಗೆ ನವೀಕರಣ ಮಾಡಿದರೆ ರಿಯಾಯಿತಿ ಉಳಿಯುತ್ತದೆ. ದಾಟಿದರೆ ಹೋಗುತ್ತದೆ. ಪಾಲಿಸಿ ಮಾರ್ಚ್ 31ಕ್ಕೆ ಮುಗಿದರೆ ಕೊನೆಯ ದಿನ ಜೂನ್ 29.

90 ದಿನ ಇದೆ ಅಂತ ಸುಮ್ಮನೆ ಕೂಡಬೇಡಿ. ಈ ಗಡುವು ರಿಯಾಯಿತಿಗೆ ಮಾತ್ರ. ವಿಮೆಯ ರಕ್ಷಣೆ ಮಾರ್ಚ್ 31ಕ್ಕೇ ಮುಗಿದಿರುತ್ತದೆ. ಏಪ್ರಿಲ್‌ನಲ್ಲಿ ತಮ್ಮ ಗಾಡಿ ತೆಗೆದು ಸಿಕ್ಕಿಬಿದ್ದರೆ 2,000 ರೂಪಾಯಿ ದಂಡ. ಎರಡನೆಯ ಸಲ 4,000. ಮೂರು ತಿಂಗಳವರೆಗೆ ಜೈಲೂ ಆಗಬಹುದು. 2019ರಲ್ಲಿ ಕಾನೂನು ತಿದ್ದಿದ ಮೇಲೆ ದಂಡ ಹೀಗೆ ಏರಿದೆ. ಅಪಘಾತ ಆಗಿ ಯಾರಾದರೂ ಸತ್ತರೆ ಪರಿಹಾರ ಲಕ್ಷಗಟ್ಟಲೆ ಆಗುತ್ತದೆ. ಅದು ಕಾರಿನ ಮಾಲೀಕರ ತಲೆ ಮೇಲೆ ಬರುತ್ತದೆ. ಮಾಲೀಕರು ಯಾರು? ಕುವೈತಿನಲ್ಲಿ ಕೂತ ನೀವು.

ಇನ್ನೊಂದು ಮಾತು. "ಥರ್ಡ್ ಪಾರ್ಟಿ ಒಂದೇ ಕಟ್ಟಿದರೆ ಸಾಕು, ಅಗ್ಗ" ಅಂತ ಯಾರಾದರೂ ಹೇಳಬಹುದು. ಅದರಿಂದ ಕಾನೂನು ಪಾಲಿಸಿದಂತೆ ಆಗುತ್ತದೆ. ಆದರೆ ರಿಯಾಯಿತಿ ಇರುವುದು ಸ್ವಂತ ಹಾನಿ ಭಾಗದಲ್ಲಿ. ಅದನ್ನು ಬಿಟ್ಟು 90 ದಿನ ದಾಟಿದರೆ ರಿಯಾಯಿತಿಯೂ ಹೋಗುತ್ತದೆ.

ರಿಯಾಯಿತಿ ಯಾರದು?

ರಿಯಾಯಿತಿ ಕಾರಿನದಲ್ಲ, ಮಾಲೀಕರದು. ಇದನ್ನು ಚೆನ್ನಾಗಿ ನೆನಪಿಡಿ.

ನೀವು ಕಾರು ಮಾರಿದರೆ ಕೊಂಡವರಿಗೆ ನಿಮ್ಮ ರಿಯಾಯಿತಿ ಹೋಗುವುದಿಲ್ಲ. ತಮ್ಮನ ಹೆಸರಿಗೆ ಆರ್.ಸಿ. ಬರೆದುಕೊಟ್ಟರೂ ಅವನಿಗೆ ಅದು ಸಿಗುವುದಿಲ್ಲ. ಅದು ನಿಮ್ಮ ಹತ್ತಿರವೇ ಉಳಿಯುತ್ತದೆ. ಆದರೆ ತಾನಾಗಿ ಉಳಿಯುವುದಿಲ್ಲ. ಕಾಗದದಲ್ಲಿ ಬರೆಸಿಕೊಳ್ಳಬೇಕು.

ಬಹಳ ವರ್ಷಕ್ಕೆ ಹೋಗುವವರು ಕಾರು ಮಾರುವುದೇ ವಾಸಿ. ಮಾರಿದ ಮೇಲೆ ವಿಮೆ ಕಂಪನಿಗೆ ಅರ್ಜಿ ಕೊಡಿ. ಆರ್.ಸಿ. ಹೆಸರು ಬದಲಾದ ಕಾಗದ ತೋರಿಸಿ. "ಇವರಿಗೆ ಇಷ್ಟು ನೋ ಕ್ಲೇಮ್ ಬೋನಸ್ ಇದೆ" ಅಂತ ಕಂಪನಿ ಪತ್ರ ಕೊಡುತ್ತದೆ. ಹಳೆಯ ಪಾಲಿಸಿ ಮುಗಿದ ದಿನದಿಂದ ಮೂರು ವರ್ಷದ ಒಳಗೆ ನೀವು ಬೇರೆ ಕಾರು ಕೊಂಡರೆ ಆ ಪತ್ರ ತೋರಿಸಬೇಕು. ಹೊಸ ಕಾರಿನ ವಿಮೆಗೆ ಅದೇ ರಿಯಾಯಿತಿ ಸಿಗುತ್ತದೆ. ಕಂಪನಿ ಬೇರೆಯಾದರೂ ಪರವಾಗಿಲ್ಲ.

ಕಾರು ಮಾರಿ ಆರ್.ಸಿ.ಯಲ್ಲಿ ಹೆಸರು ಬದಲಾಯಿಸದೆ ವಿಮಾನ ಹತ್ತಬೇಡಿ. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೈ ಬದಲಾಗಿ ಮೂರನೆಯವರ ಹತ್ತಿರ ಇರುವ ಗಾಡಿ ಅಪಘಾತ ಮಾಡಿದರೂ ಜವಾಬು ನಿಮ್ಮದೇ.

ಮಾರದೆ ಶೆಡ್ಡಿನಲ್ಲಿ ನಿಲ್ಲಿಸಿ ಹೋಗುವವರಿಗೂ ಮೂರು ವರ್ಷದ ಅವಕಾಶವನ್ನು 2002ರ ಮೋಟಾರು ದರಪಟ್ಟಿಯ ನಿಯಮದಲ್ಲಿ ಬರೆದಿದೆ. ಇದನ್ನು ಬಾಯಿಮಾತಿನಲ್ಲಿ ನಂಬಿ ಹೋಗಬೇಡಿ. ಹೊರಡುವ ಮುಂಚೆ ಕಂಪನಿಗೆ ಅರ್ಜಿ ಕೊಟ್ಟು, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬರಹ ಸಿಗದಿದ್ದರೆ ಪ್ರತಿ ವರ್ಷ ನವೀಕರಣ ಮಾಡುವುದೇ ಒಳ್ಳೆಯದು.

ಹೊರದೇಶದಲ್ಲಿ ಗಳಿಸಿದ್ದು

ಅಲ್ಲಿ ನೀವು ಸ್ವಂತ ಕಾರು ಕೊಂಡು, ನಿಮ್ಮ ಹೆಸರಲ್ಲೇ ವಿಮೆ ಮಾಡಿಸಿ, ಕ್ಲೇಮು ಇಲ್ಲದೆ ಓಡಿಸಿದಿರಾ? ಹಾಗಿದ್ದರೆ ಬರುವಾಗ ಅಲ್ಲಿಯ ಕಂಪನಿಯಿಂದ ಅದಕ್ಕೆ ಪತ್ರ ತನ್ನಿ. ಅಲ್ಲಿಯ ಪಾಲಿಸಿ ಮುಗಿದು ಮೂರು ವರ್ಷದ ಒಳಗೆ ಇಲ್ಲಿ ವಿಮೆ ಮಾಡಿಸಿದರೆ ಆ ಪತ್ರಕ್ಕೆ ಇಲ್ಲಿಯೂ ರಿಯಾಯಿತಿ ಕೇಳಬಹುದು.

ಆದರೆ ನಮ್ಮವರು ಬಹಳ ಮಂದಿ ಅಲ್ಲಿ ಸಾಹುಕಾರರ ಕಾರು ಓಡಿಸುತ್ತಾರೆ. ಹತ್ತು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದರೂ ಆ ರಿಯಾಯಿತಿ ಸಾಹುಕಾರರದು. ಕಾರಣ, ಪಾಲಿಸಿ ಅವರ ಹೆಸರಲ್ಲಿದೆ. ನಿಮ್ಮದು ಅಂತ ಇರುವುದು ಊರಿನ ಕಾರಿನ ರಿಯಾಯಿತಿ ಒಂದೇ. ಅದನ್ನು ಕಳೆದುಕೊಳ್ಳಬೇಡಿ.

ಮನೆಯವರಿಗೆ ಹೇಳಿ ಹೋಗಿ

1. ಪಾಲಿಸಿ ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಕಂಪನಿಗೆ ಮನೆಯವರ ಫೋನ್ ನಂಬರ್ ಕೊಡಿ. ನಿಮ್ಮ ಇಲ್ಲಿಯ ಸಿಮ್ ಬಂದ್ ಆದರೆ ನೆನಪಿನ ಸಂದೇಶ ಯಾರಿಗೂ ಮುಟ್ಟುವುದಿಲ್ಲ.

2. ಲೈಸೆನ್ಸ್ ಇಲ್ಲದವರ ಕೈಗೆ ಕಾರು ಕೊಡಬಾರದು.

3. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸಬಾರದು. ಮಂತ್ರಾಲಯಕ್ಕೆ ಒಂದು ಟ್ರಿಪ್ ಹೊಡೆದು ದುಡ್ಡು ತೆಗೆದುಕೊಂಡಾಗ ಅಪಘಾತವಾದರೆ ಕಂಪನಿ ಕ್ಲೇಮು ತಿರಸ್ಕರಿಸಬಹುದು. ಸ್ವಂತ ಕೆಲಸಕ್ಕೆ ಬಳ್ಳಾರಿ, ರಾಯಚೂರಿಗೆ ಹೋದರೆ ತೊಂದರೆ ಇಲ್ಲ. ಹಗರಿ ದಾಟಿದರೆ ರಾಜ್ಯ ಬದಲಾಗುತ್ತದೆ. ಪಾಲಿಸಿ ಇಡೀ ಭಾರತಕ್ಕೆ ನಡೆಯುತ್ತದೆ.

4. ಸಣ್ಣ ಪೆಟ್ಟಿಗೆ ಕ್ಲೇಮು ಮಾಡುವ ಮುಂಚೆ ಲೆಕ್ಕ ಹಾಕಬೇಕು. 2,500 ರೂಪಾಯಿ ರಿಪೇರಿಗೆ 10,000 ರೂಪಾಯಿ ರಿಯಾಯಿತಿ ಕಳೆದುಕೊಂಡರೆ ನಷ್ಟ ನಮಗೇ.

ಕಾಗದ ಓದಿ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾಗುವವರೆಗೆ ಆಲೂರು, ಆದೋನಿ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಈಗ ನಮಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಪಾಲಿಸಿಯಲ್ಲಿ ಇಂಗ್ಲಿಷು. ಅದಕ್ಕೆ ಹೆದರಬೇಡಿ. ಅಂಕಿ ಎಲ್ಲ ಭಾಷೆಯಲ್ಲೂ ಒಂದೇ. ಪಾಲಿಸಿಯಲ್ಲಿ ಮೂರು ಸಂಗತಿ ಹುಡುಕಿ: ನಿಮ್ಮ ಹೆಸರು, ಮುಗಿಯುವ ತಾರೀಖು, ಎನ್.ಸಿ.ಬಿ. ಎಂಬ ಅಕ್ಷರದ ಮುಂದಿನ ಅಂಕಿ. ಓದಲು ಬರುವ ಹುಡುಗರಿಂದ ತೋರಿಸಿಕೊಳ್ಳಿ. ಆ ಅಂಕಿಯ ಸುತ್ತ ಪೆನ್ನಿನಿಂದ ಸುತ್ತು ಹಾಕಿ.

ಅರ್ಜಿ ಬರೆಯಲು ಈ ಮಾದರಿ ನೋಡಿ. ಬೇಕಾದರೆ ತೆಲುಗಿನಲ್ಲಿ ಬರೆಸಿ. ಒಳಗಿನ ಮಾತು ಇದೇ ಇರಲಿ.

ಮಾನ್ಯ ಶಾಖಾ ವ್ಯವಸ್ಥಾಪಕರಿಗೆ,
ನನ್ನ ಪಾಲಿಸಿ ನಂಬರ್ ________. ಗಾಡಿ ನಂಬರ್ ________. ನಾನು ಕೆಲಸಕ್ಕಾಗಿ ಹೊರದೇಶಕ್ಕೆ ಹೋಗುತ್ತಿದ್ದೇನೆ. ಈ ಗಾಡಿಯನ್ನು ________ ತಾರೀಖು ಮಾರಿದ್ದೇನೆ. ನನಗೆ ಬಂದಿರುವ ನೋ ಕ್ಲೇಮ್ ಬೋನಸ್ ನೂರಕ್ಕೆ ________. ಇದನ್ನು ನನ್ನ ಹೆಸರಿನಲ್ಲಿ ಉಳಿಸಿ ಪತ್ರ ಕೊಡಬೇಕೆಂದು ಕೋರುತ್ತೇನೆ.
ಇಂತಿ, ________

ಅರ್ಜಿಯ ಒಂದು ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ 155255 ನಂಬರಿಗೆ ಫೋನ್ ಮಾಡಿ ದೂರು ಹೇಳಬಹುದು. ಕಂಪನಿಗೆ ಬರೆದು ಒಂದು ತಿಂಗಳಾದರೂ ನ್ಯಾಯ ಸಿಗದಿದ್ದರೆ ಹೈದರಾಬಾದಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ದೂರು ಬರೆಯಬಹುದು. ಅದಕ್ಕೆ ಫೀಸು ಇಲ್ಲ.

ನೆನಪಿಡಿ
ನವೀಕರಣಕ್ಕೆ 90 ದಿನ. ಪತ್ರಕ್ಕೆ 3 ವರ್ಷ. ರಿಯಾಯಿತಿ ಕಾರಿನದಲ್ಲ, ನಿಮ್ಮದು.

ಓದಿದಿರಾ? ಉತ್ತರ ಹೇಳಿ
1. ಸತತ ಮೂರು ವರ್ಷ ಕ್ಲೇಮು ಇಲ್ಲದಿದ್ದರೆ ರಿಯಾಯಿತಿ ಎಷ್ಟು?
2. ಕಾರು ಮಾರಿದರೆ ರಿಯಾಯಿತಿ ಯಾರ ಹತ್ತಿರ ಉಳಿಯುತ್ತದೆ?
3. ನಿಮ್ಮ ಮನೆಯ ಗಾಡಿಯ ಪಾಲಿಸಿ ಯಾವ ತಾರೀಖಿಗೆ ಮುಗಿಯುತ್ತದೆ? ಇವತ್ತೇ ನೋಡಿ, ಇಲ್ಲಿ ಬರೆಯಿರಿ: ________