ಬುರುಡೆಗೆ ಸುರಿದ ಸಾಸಿವೆ

ಪ್ರಾಚೀನ ಮಾನವರ ಮೂಳೆಗಳ ತಜ್ಞ ಪೀಟರ್ ಬ್ರೌನ್ ಆ ಬುರುಡೆಯೊಳಕ್ಕೆ ಸಾಸಿವೆ ಸುರಿದರು. ಮಿದುಳಿದ್ದ ಜಾಗ ಎಷ್ಟು ಎಂದು ತಿಳಿಯಲು ಅದು ಹಳೆಯ ಕ್ರಮ: ತುಂಬುವಷ್ಟು ಕಾಳು ಸುರಿಯುವುದು, ಆಮೇಲೆ ಆ ಕಾಳನ್ನು ಅಳೆಯುವುದು. ಬಂದ ಲೆಕ್ಕ 380 ಘನ ಸೆಂಟಿಮೀಟರ್. ನಮ್ಮದು ಸುಮಾರು 1,350. ಈ ಬುರುಡೆಯದು ಚಿಂಪಾಂಜಿಯ ಮಿದುಳಿನಷ್ಟೇ. ಆದರೆ ಹಲ್ಲು, ಮುಖದ ಕಟ್ಟು ಮನುಷ್ಯ ಕುಲದ್ದು. (ಮುಂದೆ ಸ್ಕ್ಯಾನ್ ಮಾಡಿ ಅಳೆದಾಗ 426 ಎಂದಾಯಿತು. ಆಗಲೂ ಬೆರಗೇನೂ ಕಡಿಮೆಯಾಗಲಿಲ್ಲ.)

ಬುರುಡೆ ಸಿಕ್ಕಿದ್ದು ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದ ಲಿಯಾಂಗ್ ಬುವಾ ಗವಿಯಲ್ಲಿ, 2003ರ ಸೆಪ್ಟೆಂಬರ್‌ನಲ್ಲಿ. ಅಲ್ಲಿ ಅಗೆಯುತ್ತಿದ್ದ ತಂಡ ಇದನ್ನು ಹುಡುಕಿಕೊಂಡು ಹೋದದ್ದಲ್ಲ. ಆಸ್ಟ್ರೇಲಿಯಾದ ಮೈಕ್ ಮಾರ್ವುಡ್‌ಗೆ ಬೇಕಿದ್ದದ್ದು ತಮ್ಮ ನಾಡಿಗೆ ಮೊದಲ ಜನ ಬಂದ ದಾರಿ. ಅದೇ ಗವಿಯಲ್ಲಿ ಇಂಡೊನೇಷ್ಯಾದ ಪುರಾತತ್ವಜ್ಞ ಆರ್. ಪಿ. ಸೂಯೊನೊ 1970ರ ದಶಕದಿಂದಲೇ ಅಗೆಸಿದ್ದರು, ಆದರೆ ಇಷ್ಟು ಆಳಕ್ಕೆ ಹೋಗಿರಲಿಲ್ಲ. ಸುಮಾರು 6 ಮೀಟರ್ ಕೆಳಗೆ ಮಣ್ಣು ಕೆರೆಯುತ್ತಿದ್ದ ಬೆನ್ಯಾಮಿನ್ ತಾರುಸ್ ಎಂಬ ಸ್ಥಳೀಯನ ಕರಣೆಗೆ ಬುರುಡೆಯ ಅಂಚು ತಗುಲಿತು. ಆ ಬುರುಡೆಗೆ ಅಂಟಿದ ‘ಹಾಬಿಟ್’ ಎಂಬ ಅಡ್ಡಹೆಸರು ಜಗತ್ತಿಗೆಲ್ಲ ಗೊತ್ತು. ತಾರುಸ್ ಹೆಸರು ಎಷ್ಟು ಜನಕ್ಕೆ ಗೊತ್ತು?

ಮೊದಲು ಮಗುವಿನದಿರಬೇಕು ಎಂದುಕೊಂಡರು. ಹಲ್ಲು ನೋಡಿದರೆ ಬುದ್ಧಿಹಲ್ಲು ಹುಟ್ಟಿತ್ತು, ಹಲ್ಲುಗಳು ಸವೆದಿದ್ದವು. ಸುಮಾರು 30 ವರ್ಷದ ಹೆಂಗಸು, ಎತ್ತರ 106 ಸೆಂ.ಮೀ. ಮೂಳೆಗಳು ಕಲ್ಲಾಗಿರಲಿಲ್ಲ, ಒದ್ದೆ ಕಾಗದದಂತೆ ಮುಟ್ಟಿದರೆ ಕುಸಿಯುತ್ತಿದ್ದವು. ತಂಡದ ಥಾಮಸ್ ಸುತಿಕ್ನ ಮತ್ತು ಜೊತೆಗಾರರು ಅವನ್ನು ಒಣಗಲು ಬಿಟ್ಟು, ಅಂಟನ್ನು ನೇಲ್ ಪಾಲಿಶ್ ರಿಮೂವರ್‌ನಲ್ಲಿ ಕರಗಿಸಿ ಹಚ್ಚಿ ಗಟ್ಟಿ ಮಾಡಿದರು.

2004ರ ಅಕ್ಟೋಬರ್ 28ರಂದು ‘ನೇಚರ್’ ಪತ್ರಿಕೆಯಲ್ಲಿ ‘ಹೋಮೊ ಫ್ಲೋರೆಸಿಯೆನ್ಸಿಸ್’ ಎಂಬ ಹೊಸ ಪ್ರಭೇದದ ಹೆಸರು ಅಚ್ಚಾಯಿತು. ಫ್ಲೋರೆಸ್‌ನ ನಾಗೆ ಜನರಲ್ಲಿ ‘ಎಬು ಗೋಗೊ’ ಎಂಬ ಕುಳ್ಳರ ಕತೆಯಿದೆ. ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದ ಕಲ್ಮನೆಗಳಲ್ಲಿ ಕುಳ್ಳ ಮೋರ್ಯರು ಇದ್ದರೆಂದು ನಮ್ಮವರೂ ಹೇಳುತ್ತಾರೆ. ನಿಜಕ್ಕೆ ಅವು ಸತ್ತವರಿಗೆ ಕಟ್ಟಿದ ಶಿಲಾಸಮಾಧಿಗಳು. ಎಬು ಗೋಗೊ ಕತೆಯನ್ನೇ ಸಾಕ್ಷಿ ಮಾಡಿಕೊಳ್ಳುವ ಆಸೆ ಆಗ ಅನೇಕರಿಗೆ ಬಂತು. ಆದರೆ ಜಗಳ ಹೊತ್ತಿದ್ದು ಬೇರೆ ಕಡೆ.

ಇಂಡೊನೇಷ್ಯಾದ ಹಿರಿಯ ತಜ್ಞ ತೆಉಕು ಯಾಕೋಬ್, ಇದು ಹೊಸ ಪ್ರಭೇದವೇ ಅಲ್ಲ, ತಲೆ ಚಿಕ್ಕದಾಗುವ ಕಾಯಿಲೆಯಿದ್ದ ನಮ್ಮಂಥದೇ ಹೆಂಗಸು ಎಂದರು. 2004ರ ಕೊನೆಗೆ ಮೂಳೆಗಳನ್ನು ತಮ್ಮ ಪ್ರಯೋಗಾಲಯಕ್ಕೆ ಒಯ್ದರು. ಅವು ವಾಪಸ್ ಬಂದಾಗ ಸೊಂಟದ ಮೂಳೆ, ದವಡೆ ಘಾಸಿಗೊಂಡಿದ್ದವು. ಬೇರೆಯವರು ಬೇರೆ ಕಾಯಿಲೆಗಳ ಹೆಸರು ಹೇಳಿದರು: ಲಾರಾನ್ ಸಿಂಡ್ರೋಮ್, ಅಯೋಡಿನ್ ಕೊರತೆ, ಡೌನ್ ಸಿಂಡ್ರೋಮ್. ಎಲ್ಲರ ಕಣ್ಣೂ ತಲೆಯ ಮೇಲೆಯೇ.

ಉತ್ತರ ಸಿಕ್ಕಿದ್ದು ಮಣಿಕಟ್ಟಿನಲ್ಲಿ. ಮ್ಯಾಥ್ಯೂ ಟೊಚೆರಿ ಮಣಿಕಟ್ಟಿನ ಮೂಳೆಗಳನ್ನೇ ಅಭ್ಯಾಸ ಮಾಡಿದವರು. ತೋರುಬೆರಳ ಬುಡದ ಪುಟ್ಟ ಮೂಳೆಯೊಂದು ನಮ್ಮಲ್ಲೂ ನಿಯಾಂಡರ್ತಾಲರಲ್ಲೂ ಬೂಟಿನ ಆಕಾರದ್ದು, ವಾನರಗಳಲ್ಲಿ ಬೆಣೆಯಾಕಾರದ್ದು. ಫ್ಲೋರೆಸ್‌ನ ಹೆಂಗಸಿನದು ಬೆಣೆಯಾಕಾರದ್ದೇ. ಈ ಆಕಾರ ಮಗು ಗರ್ಭದಲ್ಲಿರುವಾಗಲೇ ನಿಗದಿಯಾಗುತ್ತದೆ. ಬೆಳವಣಿಗೆ ಕುಂಠಿತವಾದರೆ ಮೂಳೆ ಸಣ್ಣದಾದೀತು, ವಾನರದ ಮಾದರಿಗೆ ತಿರುಗದು. 2007ರ ಈ ಕೆಲಸದ ನಂತರ ಕಾಯಿಲೆಯ ವಾದಕ್ಕೆ ಉಸಿರು ಉಳಿಯಲಿಲ್ಲ ಎಂಬುದು ನನ್ನ ಎಣಿಕೆ. ಬಾಯಿ ಮುಚ್ಚಲು ಮಾತ್ರ ಇನ್ನೂ ಕೆಲವು ವರ್ಷ ಹಿಡಿಯಿತು.

ಕಾಲದ ಲೆಕ್ಕವೂ ಬದಲಾಯಿತು. ಮೊದಲು 18,000 ವರ್ಷ ಎಂದಿದ್ದರು. ಗವಿಯ ಹಳೆಯ ಮಣ್ಣು ಕೊರೆದುಹೋದ ಕಡೆ ಹೊಸ ಮಣ್ಣು ತುಂಬಿಕೊಂಡಿತ್ತು. ಅಳೆದದ್ದು ಹೊಸ ಮಣ್ಣಿನ ಇದ್ದಿಲನ್ನು. 2016ರಲ್ಲಿ ಸುತಿಕ್ನ ತಂಡ ತಿದ್ದಿತು: ಮೂಳೆಗಳು 1 ಲಕ್ಷದಿಂದ 60,000 ವರ್ಷ ಹಿಂದಿನವು.

ಹಾಗಾದರೆ ಇವರು ಯಾರ ಮಕ್ಕಳು? ಒಂದು ಪಕ್ಷ ಹೇಳುವುದು: ಜಾವಾದ ಎತ್ತರದ ಪ್ರಾಚೀನ ಮಾನವ ಹೋಮೊ ಇರೆಕ್ಟಸ್ ದ್ವೀಪಕ್ಕೆ ಸಿಕ್ಕಿಕೊಂಡು ಕುಗ್ಗಿತು. ಆಹಾರ ಕಡಿಮೆ, ಬೇಟೆಯಾಡುವ ದೊಡ್ಡ ಮೃಗ ಕಡಿಮೆ ಇರುವ ದ್ವೀಪದಲ್ಲಿ ದೊಡ್ಡ ಪ್ರಾಣಿಗಳು ಸಣ್ಣದಾಗುವುದು ಕಂಡದ್ದೇ. ಫ್ಲೋರೆಸ್‌ನ ಆನೆಯ ನೆಂಟ ಸ್ಟೆಗೊಡಾನ್ ಹಾಗೇ ಕುಗ್ಗಿತ್ತು. ಇಷ್ಟು ಕುಗ್ಗುವುದು ಸಾಧ್ಯವೇ ಎನ್ನುವವರು ಹೆಬ್ಬಾಳ ದಾಟಿ ಜಕ್ಕೂರಿಗೆ ಬರಬಹುದು. ಅಲ್ಲಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅಮಿತಾಭ್ ಜೋಶಿ ಮತ್ತು ಸಂಗಡಿಗರು ಹಣ್ಣಿನ ನೊಣಗಳಲ್ಲಿ ಬೇಗ ಬೆಳೆದು ಬೇಗ ಮೊಟ್ಟೆಯಿಡುವವನ್ನಷ್ಟೇ ಆರಿಸುತ್ತ ನೂರಾರು ತಲೆಮಾರು ಸಾಕಿದರು. ಗಾತ್ರವನ್ನು ಯಾರೂ ಆರಿಸಲಿಲ್ಲ. ಆದರೂ ನೊಣಗಳು ಪೂರ್ವಜರಿಗಿಂತ ಬಹಳ ಚಿಕ್ಕವಾದವು. ಹಳೆಯ ಗಾತ್ರದ ನೊಣಗಳೊಂದಿಗೆ ಅವುಗಳ ಕೂಡಿಕೆಗೂ ತೊಡಕಾಯಿತು. ನೊಣ ಮನುಷ್ಯನಲ್ಲ, ಒಪ್ಪಿದೆ. ಆದರೆ ಕಿರಿದಾಗಲು ಕಾಯಿಲೆಯೇ ಬೇಕೆಂದಿಲ್ಲ.

ಇನ್ನೊಂದು ಪಕ್ಷ ಕುಗ್ಗಿದ್ದನ್ನೇ ಒಪ್ಪುವುದಿಲ್ಲ. ಮಣಿಕಟ್ಟು, ಉದ್ದ ಪಾದ, ದವಡೆ ಎಲ್ಲ ಇರೆಕ್ಟಸ್‌ಗಿಂತ ಹಳೆಯ ಮಾದರಿಯವು. ಆಫ್ರಿಕಾದ ಹೋಮೊ ಹ್ಯಾಬಿಲಿಸ್‌ನ ಹತ್ತಿರದ ಬಳಗವೊಂದು ಮೊದಲೇ ಚಿಕ್ಕದಾಗಿದ್ದು ಹಾಗೇ ಬಂದಿರಬೇಕು ಎನ್ನುತ್ತದೆ. 2017ರಲ್ಲಿ ಡೆಬಿ ಆರ್ಗ್ಯೂ ತಂಡ ಮೂಳೆಗಳನ್ನು ಹೋಲಿಸಿ ಇದೇ ತೀರ್ಮಾನಕ್ಕೆ ಬಂತು.

ಅಷ್ಟರಲ್ಲಿ ಅದೇ ದ್ವೀಪದ ಮಾತಾ ಮೆಂಗೆಯಲ್ಲಿ 7 ಲಕ್ಷ ವರ್ಷ ಹಳೆಯ ದವಡೆಯ ತುಂಡು, ಹಲ್ಲುಗಳು ಸಿಕ್ಕಿದ್ದವು. 2024ರಲ್ಲಿ ಯೂಸುಕೆ ಕೈಫು ತಂಡ ಅಲ್ಲಿನದೇ ಮೇಲ್ತೋಳಿನ ಮೂಳೆಯೊಂದನ್ನು ವಿವರಿಸಿತು: ವಯಸ್ಕರದು, ಎತ್ತರ ಸುಮಾರು 1 ಮೀಟರ್, ಲಿಯಾಂಗ್ ಬುವಾದವಳಿಗಿಂತಲೂ ಗಿಡ್ಡ. ಹಲ್ಲುಗಳು ಜಾವಾದ ಇರೆಕ್ಟಸ್ ಕಡೆ ವಾಲುತ್ತವೆ ಎಂಬುದು ಅವರ ವಾದ. ನನಗೂ ಈಗ ಆ ಪಕ್ಷವೇ ಗಟ್ಟಿ ಎನ್ನಿಸುತ್ತದೆ. ಆದರೆ ಫ್ಲೋರೆಸ್‌ನ ಅತಿ ಹಳೆಯ ಕಲ್ಲಿನ ಆಯುಧಗಳಿಗೆ ಸುಮಾರು 10 ಲಕ್ಷ ವರ್ಷ. ಅವನ್ನು ಮಾಡಿದವರ ಒಂದು ತೊಡೆಮೂಳೆ ಸಿಕ್ಕಿದರೆ ಸಾಕು: ಉದ್ದವಿದ್ದರೆ ಕೈಫು ಗೆದ್ದಂತೆ, ಆಗಲೇ ಗಿಡ್ಡವಿದ್ದರೆ ಆರ್ಗ್ಯೂ ಪಕ್ಷ ಮತ್ತೆ ಎದ್ದು ಕೂರುತ್ತದೆ.