ಚಾಸಿ ಒಂದು, ಬಾಡಿ ಹಲವು: ಛಾವಣಿ ತೆಗೆದ ಹಳೆಯ ಮೋಟಾರುಗಳನ್ನು ಕುರಿತು

ಬೆಳಗಾವಿಯ ದಕ್ಷಿಣ ಭಾಗದಲ್ಲಿರುವ ಅನಗೋಳದ ರಸ್ತೆಗಳಲ್ಲಿ ಮದುವೆಯ ಹಂಗಾಮಿನಲ್ಲಿ ವರನ ಮೆರವಣಿಗೆ ಹೊರಡುವುದನ್ನು ಕಂಡವರಿಗೆ ಒಂದು ಬಗೆಯ ಮೋಟಾರಿನ ಪರಿಚಯ ಇದ್ದೇ ಇರುತ್ತದೆ. ಉದ್ದನೆಯ ಮೂತಿ, ಇಕ್ಕೆಲಗಳಲ್ಲಿ ಕಾಲಿಡುವ ಹಲಗೆ, ದೊಡ್ಡ ದುಂಡು ದೀಪಗಳು, ಮೇಲೆ ಛಾವಣಿಯಿಲ್ಲ. ಹೂವಿನ ಸರಗಳ ನಡುವೆ ವರನು ಎಲ್ಲರಿಗೂ ಕಾಣುವಂತೆ ಎತ್ತರದಲ್ಲಿ ಕುಳಿತಿರುತ್ತಾನೆ. ಇದು ಯಾವುದೋ ಸಂಸ್ಥಾನಿಕರ ಮೋಟಾರು ಎಂದು ನೆರೆದವರು ಹೇಳಿಕೊಳ್ಳುವುದುಂಟು. ಈ ಲೇಖಕನು ಒಮ್ಮೆ ಅಂಥದೊಂದರ ಬಾಗಿಲನ್ನು ತೆರೆಯಿಸಿ ಒಳಗೆ ನೋಡಿದಾಗ ಕಂಡದ್ದು ಅಂಬಾಸಡರ್ ಮೋಟಾರಿನ ಚಕ್ರದಂಡ, ಅದೇ ಮೋಟಾರಿನ ನೆಲಹಾಸಿನ ತಗಡು, ಮತ್ತು ಇತ್ತೀಚಿನ ಬೆಸುಗೆಯ ಗುರುತುಗಳು. ಮೋಸವೆಂದು ಇದನ್ನು ತಳ್ಳಿಬಿಡುವುದು ಸುಲಭ. ಆದರೆ ನಿಜವಾಗಿಯೂ ಸಂಸ್ಥಾನಿಕರ ಮನೆಯಿಂದ ಬಂದ ಬೆಲೆಬಾಳುವ ಮೋಟಾರುಗಳಲ್ಲಿಯೂ ಎಷ್ಟೋ ಗಾಡಿಗಳು ತಮ್ಮ ಮೊದಲಿನ ರೂಪದಲ್ಲಿ ಉಳಿದಿಲ್ಲ. ಹಾಗಾದರೆ ಹಳೆಯ ಮೋಟಾರಿನಲ್ಲಿ ಮೂಲ ಯಾವುದು, ಮಾರ್ಪಾಡು ಯಾವುದು, ಮಾರ್ಪಾಡಾದ ವಸ್ತುವು ಇತಿಹಾಸಕ್ಕೆ ಸಾಕ್ಷಿಯಾಗಬಲ್ಲದೇ ಎಂಬ ಪ್ರಶ್ನೆಗಳು ಏಳುತ್ತವೆ. 2021ರಿಂದ ಈ ಪ್ರಶ್ನೆಗೆ ಕಾನೂನಿನ ತೂಕವೂ ಬಂದಿದೆ.

ಮೊದಲು ಒಂದು ಮೂಲಭೂತ ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಇಂದು ನಾವು ಕೊಳ್ಳುವ ಮೋಟಾರು ಒಂದೇ ಕಾರಖಾನೆಯಿಂದ ಪೂರ್ಣವಾಗಿ ಸಿದ್ಧವಾಗಿ ಬರುತ್ತದೆ. ಎರಡನೆಯ ಮಹಾಯುದ್ಧಕ್ಕಿಂತ ಮುಂಚೆ ಉನ್ನತ ದರ್ಜೆಯ ಮೋಟಾರುಗಳ ವಿಷಯ ಹಾಗಿರಲಿಲ್ಲ. ರೋಲ್ಸ್ ರಾಯ್ಸ್ ಕಂಪನಿಯು ಮಾರುತ್ತಿದ್ದುದು ಚಾಸಿಯನ್ನು ಮಾತ್ರ. ಎಂದರೆ ಉಕ್ಕಿನ ಚೌಕಟ್ಟು, ಎಂಜಿನು, ಗಾಲಿಗಳು, ರೇಡಿಯೇಟರು ಇಷ್ಟನ್ನೇ. ಕೊಳ್ಳುವವನು ಆ ಚಾಸಿಯನ್ನು ತನಗೆ ಬೇಕಾದ ಬಾಡಿ ಕಟ್ಟುವವರ ಬಳಿಗೆ ಕಳುಹಿಸುತ್ತಿದ್ದನು. ಲಂಡನ್ನಿನ ಬಾರ್ಕರ್, ಹೂಪರ್, ಥ್ರಪ್ ಅಂಡ್ ಮೇಬರ್ಲಿ ಮುಂತಾದ ಮನೆತನಗಳು ಮೋಟಾರು ಹುಟ್ಟುವುದಕ್ಕೆ ಬಹು ಹಿಂದಿನಿಂದಲೇ ಕುದುರೆಯ ಸಾರೋಟುಗಳನ್ನು ಕಟ್ಟುತ್ತಿದ್ದಂಥವು. ಅವರು ಆಷ್ ಎಂಬ ಮರದ ಹಂದರವನ್ನು ನಿಲ್ಲಿಸಿ, ಅದರ ಮೇಲೆ ಅಲ್ಯುಮಿನಿಯಂ ತಗಡನ್ನು ಕೈಯಿಂದ ಬಡಿದು ಹೊದಿಸುತ್ತಿದ್ದರು. ಒಂದೇ ಮಾದರಿಯ ಎರಡು ಚಾಸಿಗಳು ಒಂದೇ ರೂಪ ತಳೆಯಬೇಕೆಂಬ ನಿಯಮವಿರಲಿಲ್ಲ. ಬಾಡಿಯನ್ನು ಬೋಲ್ಟುಗಳಿಂದ ಚಾಸಿಗೆ ಬಿಗಿಯುತ್ತಿದ್ದುದರಿಂದ ಬಿಚ್ಚಿ ತೆಗೆಯುವುದಕ್ಕೂ ಬರುತ್ತಿತ್ತು. ಇಂಗ್ಲೆಂಡಿನಲ್ಲಿಯೇ ಹತ್ತಾರು ವರ್ಷ ಓಡಿದ ಭವ್ಯ ಮುಚ್ಚುಗಾಡಿಗಳ ಬಾಡಿಯನ್ನು ಕಿತ್ತೊಗೆದು, ಅದೇ ಚಾಸಿಯ ಮೇಲೆ ಶವವಾಹನವನ್ನೋ ಕೆಟ್ಟ ಮೋಟಾರುಗಳನ್ನು ಎಳೆಯುವ ಲಾರಿಯನ್ನೋ ಕಟ್ಟಿದ ಉದಾಹರಣೆಗಳು ಅನೇಕ. ಯುದ್ಧಾನಂತರ, 1946ರ ಬೆಂಟ್ಲಿ ಮಾರ್ಕ್ 6ರಿಂದ ಆ ಕಂಪನಿಯು ತಾನೇ ಸಿದ್ಧ ಉಕ್ಕಿನ ಬಾಡಿಯನ್ನು ಕೊಡತೊಡಗಿತು. ಅಲ್ಲಿಂದ ಬಾಡಿ ಕಟ್ಟುವವರ ಕಸುಬು ಇಳಿಮುಖವಾಯಿತು. ಹೂಪರ್ ಮನೆತನವು 1959ರಲ್ಲಿ ಆ ಕೆಲಸವನ್ನು ನಿಲ್ಲಿಸಿತು.

ಈ ಪದ್ಧತಿ ನಮ್ಮ ಭಾಗದವರಿಗೆ ತೀರ ಅಪರಿಚಿತವೇನಲ್ಲ. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಹೊರಟಾಗ ಚಕ್ಕಡಿಗೆ ಕೊಲ್ಲಾರಿ ಕಟ್ಟುವುದು, ತಿರುಗಿ ಬಂದ ಮೇಲೆ ಅದನ್ನು ಬಿಚ್ಚಿಟ್ಟು ಅದೇ ಚಕ್ಕಡಿಯಲ್ಲಿ ಗೊಬ್ಬರ ಹೇರುವುದು ನಮ್ಮ ಒಕ್ಕಲಿಗರ ವಾಡಿಕೆಯಾಗಿದ್ದಿತು. ಕೊಲ್ಲಾರಿ ಬದಲಾದರೆ ಚಕ್ಕಡಿ ಬೇರೆಯಾಯಿತೆಂದು ಯಾರೂ ತಿಳಿಯುತ್ತಿರಲಿಲ್ಲ. ಯುರೋಪಿನ ಬಾಡಿಗಳ ಹೆಸರುಗಳು ಕೂಡ ಗಾಡಿಗಳಿಂದಲೇ ಬಂದವು. ಹಿಂದಿನ ಆಸನದ ಮೇಲಿನ ಹುಡ್ಡನ್ನು ಮಾತ್ರ ಮಡಿಸಬಹುದಾದದ್ದು ಲ್ಯಾಂಡೊಲೆಟ್. ಇಡೀ ಹುಡ್ಡು ಮಡಿಸಬಲ್ಲದ್ದಾಗಿ, ಗಾಜಿನ ಕಿಟಕಿಗಳೂ ಇದ್ದರೆ ಕ್ಯಾಬ್ರಿಯೊಲೆ. ತೆಳುವಾದ ಹುಡ್ಡು ಮಾತ್ರ ಇದ್ದು ಪಕ್ಕಗಳು ತೆರೆದಿದ್ದರೆ ಟೂರರ್.

ಭಾರತದ ರಾಜರು ತೆರೆದ ಮೋಟಾರನ್ನು ಮೆಚ್ಚಿದ್ದಕ್ಕೆ ಗಾಳಿಯೊಂದೇ ಕಾರಣವಲ್ಲ. ರಾಜನು ಪ್ರಜೆಗಳ ಕಣ್ಣಿಗೆ ಬೀಳಬೇಕು. ಅಂಬಾರಿಯ ಮೇಲಿದ್ದವನು ಮೋಟಾರಿಗೆ ಇಳಿದರೂ ಕಾಣಿಸುವ ಕರ್ತವ್ಯವು ತಪ್ಪುವುದಿಲ್ಲ. ಹೈದರಾಬಾದಿನ ನಿಜಾಮರಿಗಾಗಿ ರೋಲ್ಸ್ ರಾಯ್ಸ್ ಚಾಸಿಯ ಮೇಲೆ ಬಾರ್ಕರ್ ಮನೆತನ ಕಟ್ಟಿದ ಹಳದಿ ಬಣ್ಣದ ಮೋಟಾರಿನಲ್ಲಿ ಹಿಂದಿನ ಆಸನವೇ ಸಿಂಹಾಸನದಂತೆ ಎತ್ತರಿಸಲ್ಪಟ್ಟಿದೆ. ಆಗ ಕಲಬುರಗಿ, ರಾಯಚೂರು, ಬೀದರಗಳ ಕನ್ನಡಿಗರಿಗೂ ಒಡೆಯರಾಗಿದ್ದವರ ಈ ಮೋಟಾರು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ. ರಾಜಕೋಟದ ದೊರೆಗಾಗಿ 1934ರಲ್ಲಿ ಥ್ರಪ್ ಅಂಡ್ ಮೇಬರ್ಲಿಯವರು ಫ್ಯಾಂಟಮ್ 2 ಚಾಸಿಯ ಮೇಲೆ ಕಟ್ಟಿದ ಮಡಿಸುವ ಹುಡ್ಡಿನ ಮೋಟಾರು ‘ಸ್ಟಾರ್ ಆಫ್ ಇಂಡಿಯಾ’ ಎಂಬ ಹೆಸರಿನಿಂದ ಪ್ರಖ್ಯಾತವಾಗಿದೆ. ಮೈಸೂರಿನ ಅರಮನೆಯು ಮೋಟಾರುಗಳನ್ನು ಏಳೇಳರ ಗುಂಪಿನಲ್ಲಿ ತರಿಸುತ್ತಿದ್ದಿತೆಂಬ ಮಾತು ಮೋಟಾರು ಪ್ರಿಯರಲ್ಲಿ ಬಹಳ ಪ್ರಚಾರದಲ್ಲಿದೆ. ಇಂಥ ಮಾತುಗಳ ವಿಷಯದಲ್ಲಿ ಇತಿಹಾಸದ ವಿದ್ಯಾರ್ಥಿಯು ಎಚ್ಚರದಿಂದಿರಬೇಕು. ಅವಮಾನಗೊಂಡ ರಾಜನೊಬ್ಬನು ರೋಲ್ಸ್ ರಾಯ್ಸ್ ಮೋಟಾರುಗಳನ್ನು ಕಸ ಸಾಗಿಸಲು ಹಚ್ಚಿದನೆಂಬ ಕತೆಯನ್ನು ಅಲ್ವರಿನವರ ಮೇಲೂ, ಭರತಪುರದವರ ಮೇಲೂ, ಹೈದರಾಬಾದಿನವರ ಮೇಲೂ ಹೇಳುತ್ತಾರೆ. ಒಂದೇ ಕತೆಗೆ ಮೂವರು ನಾಯಕರಾದಾಗ ನಾವು ನಂಬಬೇಕಾದದ್ದು ಕತೆಯನ್ನಲ್ಲ, ಕಾಗದಪತ್ರಗಳನ್ನು.

ಬೆಳಗಾವಿಗೆ ಅತಿ ಸಮೀಪದ ಉದಾಹರಣೆ ಕೊಲ್ಹಾಪುರದ್ದು. ಅಲ್ಲಿನ ರಾಜಾರಾಮ ಮಹಾರಾಜರ ಕಾಲದ ಜರ್ಮನಿಯ ಮೇಬಾಖ್ ಮೋಟಾರಿನಲ್ಲಿ ರಾಜಮನೆತನದವರು ದಸರೆಯ ದಿನ ಬನ್ನಿ ಮುಡಿಯುವ ಮೈದಾನಕ್ಕೆ ಬರುವ ಸಂಪ್ರದಾಯ ಈಗಲೂ ನಡೆದಿದೆ. ಬೆಳಗಾವಿ ಪಟ್ಟಣ ಬ್ರಿಟಿಷರ ಆಡಳಿತದಲ್ಲಿದ್ದಾಗ ಅದಕ್ಕೆ ಅಂಟಿಕೊಂಡ ಶಹಾಪುರವು ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಜಮಖಂಡಿ, ಮುಧೋಳ, ರಾಮದುರ್ಗಗಳೂ ಸ್ವತಂತ್ರ ಸಂಸ್ಥಾನಗಳೇ. ಇವು 1948ರ ಮಾರ್ಚಿ 8ರಂದು, ಕೊಲ್ಹಾಪುರವು 1949ರ ಮಾರ್ಚಿ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ರಾಜಧನವೂ ನಿಂತಿತು. ದೇಶದ ಉದ್ದಗಲಕ್ಕೂ ಅರಮನೆಗಳ ಮೋಟಾರುಗಳು ಮಾರಾಟವಾಗಿ ಕೈಯಿಂದ ಕೈಗೆ ದಾಟಿದವು. ಅನೇಕ ಗಾಡಿಗಳು ಪರದೇಶಗಳಿಗೆ ಹೋದವು; 1950ಕ್ಕಿಂತ ಹಿಂದಿನ ಮೋಟಾರುಗಳ ರಫ್ತಿಗೆ ಸರಕಾರವು ನಿರ್ಬಂಧ ಹಾಕಬೇಕಾಯಿತು. ಇಲ್ಲಿಯೇ ಉಳಿದವುಗಳಲ್ಲಿ ಕೆಲವನ್ನು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಛಾವಣಿ ತೆಗೆಯುವ ಕೆಲಸ ಹೆಚ್ಚಾದದ್ದು ಹೀಗೆ ಕೈಬದಲಾದ ಕಾಲದಲ್ಲಿ. ಕಾರಣ ಸರಳವಾದದ್ದು. ಸಂಗ್ರಹಕಾರರ ಪೇಟೆಯಲ್ಲಿ ಮುಚ್ಚಿದ ಮೋಟಾರಿಗಿಂತ ತೆರೆದ ಮೋಟಾರಿಗೆ ಬೆಲೆ ಹೆಚ್ಚು. ಜೊತೆಗೆ, ಮರದ ಹಂದರ ಗೆದ್ದಲು ಹಿಡಿದು ಕುಸಿದಿದ್ದರೆ ಮುಚ್ಚಿದ ಬಾಡಿಯನ್ನು ಮತ್ತೆ ಕಟ್ಟುವುದಕ್ಕಿಂತ ಟೂರರ್ ಬಾಡಿಯನ್ನು ಹೊಸದಾಗಿ ಕಟ್ಟುವುದು ಅಗ್ಗ. ಹೀಗಾಗಿ ಯಾರದೋ ಗಂಭೀರ ಮುಚ್ಚುಗಾಡಿಯಾಗಿ ಹುಟ್ಟಿದ ಚಾಸಿಯು ಐವತ್ತು ವರ್ಷಗಳ ತರುವಾಯ ಬೇಟೆಯ ಮೋಟಾರಿನ ವೇಷ ತೊಟ್ಟಿತು.

ಈ ಕೆಲಸದ ತಾಂತ್ರಿಕ ಸ್ವರೂಪವನ್ನು ತಿಳಿಯದೆ ಅದರ ಯುಕ್ತಾಯುಕ್ತತೆಯನ್ನು ನಿರ್ಣಯಿಸಲಾಗದು. ಬೇರೆ ಚಾಸಿಯುಳ್ಳ ಮೋಟಾರಿನಲ್ಲಿ ಭಾರವನ್ನು ಹೊರುವುದು ಕೆಳಗಿನ ಉಕ್ಕಿನ ಚೌಕಟ್ಟು. ಛಾವಣಿ ಹೋದರೆ ಬಾಡಿ ನಡುಗಬಹುದು, ಬಾಗಿಲುಗಳು ಜೋತು ಚಿಲಕ ಕೂಡದಿರಬಹುದು. ಆದರೆ ಗಾಡಿ ಮುರಿದು ಬೀಳದು. ಬಾಗಿಲ ಕೆಳಗಿನ ಅಡ್ಡಪಟ್ಟಿಗೂ ಮುಂಗಾಜಿನ ಬುಡಕ್ಕೂ ಬಲ ಕೊಟ್ಟರೆ ಸಾಕಾಗುತ್ತದೆ. ಈ ಸೌಕರ್ಯವನ್ನು ತಯಾರಕರೇ ಬಳಸಿಕೊಂಡರು. 1959ರ ರೋಲ್ಸ್ ರಾಯ್ಸ್ ಸಿಲ್ವರ್ ಕ್ಲೌಡ್ 2 ಮಾದರಿಯ ಕೆಲವು ತೆರೆದ ಮೋಟಾರುಗಳು ಮೊದಲು ನಾಲ್ಕು ಬಾಗಿಲಿನ ಸಿದ್ಧ ಉಕ್ಕಿನ ಬಾಡಿಗಳೇ ಆಗಿದ್ದವು. ಎಚ್. ಜೆ. ಮುಲಿನರ್ ಮನೆತನದವರು ಅವುಗಳ ಛಾವಣಿಯನ್ನು ಕತ್ತರಿಸಿ, ಎರಡು ಉದ್ದ ಬಾಗಿಲುಗಳನ್ನೂ ಮಡಿಸುವ ಹುಡ್ಡನ್ನೂ ಕೂಡಿಸಿದರು. ಮಾರ್ಪಾಡು ಎಂಬ ಮಾತೇ ಕೀಳಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಂಬಾಸಡರಿನ ಸಂಗತಿ ಬೇರೆ. 1957ರಿಂದ 2014ರ ವರೆಗೆ ತಯಾರಾದ ಈ ಮೋಟಾರಿಗೆ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಮಾದರಿಯಲ್ಲಿ ಬೇರೆ ಚಾಸಿಯೇ ಇಲ್ಲ. ನೆಲ, ಕಂಬ, ಛಾವಣಿ ಎಲ್ಲ ಕೂಡಿ ಒಂದು ಪೆಟ್ಟಿಗೆಯಂತೆ ಭಾರವನ್ನು ಹೊರುತ್ತವೆ. ಪೆಟ್ಟಿಗೆಯ ಮುಚ್ಚಳವನ್ನು ಕತ್ತರಿಸಿದರೆ ಉಳಿದ ಭಾಗಗಳ ಮೇಲೆ ಬೀಳುವ ಒತ್ತಡವು ಬಹಳ ಹೆಚ್ಚುತ್ತದೆ. ಮೆರವಣಿಗೆಯ ನಡಿಗೆಯ ವೇಗದಲ್ಲಿ ಇದು ಗೊತ್ತಾಗುವುದಿಲ್ಲ. ಖಾನಾಪುರದ ಕಡೆಗೆ ತಿರುವು ರಸ್ತೆಯಲ್ಲಿ ವೇಗವಾಗಿ ಹೋದಾಗ ಗೊತ್ತಾದೀತು.

ಹಾಗಾದರೆ ನಿಜವಾದ ಹಳೆಯ ಮೋಟಾರಿನ ಮಾರ್ಪಾಡನ್ನು ಗುರುತಿಸುವುದು ಹೇಗೆ? ಇದು ಶಾಸನವನ್ನು ಓದುವ ಕೆಲಸಕ್ಕೆ ಬಹಳ ಹತ್ತಿರವಾದದ್ದು. ಮೊದಲ ಸಾಕ್ಷಿ ಕಾಗದದ್ದು. ರೋಲ್ಸ್ ರಾಯ್ಸ್ ಕಂಪನಿಯು ಪ್ರತಿಯೊಂದು ಚಾಸಿಗೂ ಒಂದು ಪತ್ರವನ್ನು ಇಟ್ಟು ಅದರಲ್ಲಿ ಕೊಂಡವರ ಹೆಸರು, ಬಾಡಿಯ ಬಗೆ, ಕಟ್ಟಿದವರು ಯಾರು ಎಂಬುದನ್ನು ಬರೆದಿಡುತ್ತಿದ್ದಿತು. ಆ ಪತ್ರಗಳು ಇಂಗ್ಲೆಂಡಿನಲ್ಲಿ, 1957ರಲ್ಲಿ ಸ್ಥಾಪಿತವಾದ ರೋಲ್ಸ್ ರಾಯ್ಸ್ ಅಭಿಮಾನಿಗಳ ಸಂಘದ ಸಂಗ್ರಹದಲ್ಲಿವೆ. ಚಾಸಿಯ ಅಂಕೆ ಸಿಕ್ಕರೆ ಪತ್ರ ಸಿಕ್ಕುತ್ತದೆ. ಪತ್ರದಲ್ಲಿ ಮುಚ್ಚುಗಾಡಿ ಎಂದಿದ್ದು ಎದುರಿಗೆ ಟೂರರ್ ನಿಂತಿದ್ದರೆ ನಡುವೆ ಏನೋ ನಡೆದಿದೆ. ಎರಡನೆಯ ಸಾಕ್ಷಿ ವಸ್ತುವಿನದೇ. ಮರ ಆಷ್ ಆಗಿದ್ದರೆ ಇಂಗ್ಲೆಂಡಿನ ಕೆಲಸವೆಂದೂ, ಖಾನಾಪುರ–ಲೋಂಡಾ ಅಡವಿಗಳಲ್ಲಿ ಬೆಳೆಯುವಂಥ ಸಾಗುವಾನಿಯಾಗಿದ್ದರೆ ಈ ದೇಶದ ಕೆಲಸವೆಂದೂ ಶಂಕಿಸಲು ಆಧಾರವಾಗುತ್ತದೆ. ಅತಿ ಸಣ್ಣ ವಸ್ತುವಾದ ಸ್ಕ್ರೂ ಕೂಡ ಮಾತನಾಡುತ್ತದೆ. ತಲೆಯ ಮೇಲೆ ಕೂಡುಗೆರೆಯುಳ್ಳ ಸ್ಕ್ರೂವು ಮೋಟಾರು ತಯಾರಿಕೆಯಲ್ಲಿ ಬಳಕೆಗೆ ಬಂದದ್ದು 1936ರ ಸುಮಾರಿಗೆ, ಅಮೆರಿಕೆಯಲ್ಲಿ. 1926ರ ಬಾಡಿಯೆಂದು ಹೇಳುವ ಬಾಗಿಲಿನಲ್ಲಿ ಅದು ಕಂಡರೆ, ಹೊಯ್ಸಳರ ಕಾಲದ್ದೆನ್ನುವ ಶಾಸನದಲ್ಲಿ ವಿಜಯನಗರದ ಕಾಲದ ಅಕ್ಷರ ಕಂಡಂತೆಯೇ ಸರಿ.

ಆದರೆ ಮಾರ್ಪಾಡು ಗೊತ್ತಾದೊಡನೆ ವಸ್ತುವು ನಿಷ್ಪ್ರಯೋಜಕವೆಂದು ತೀರ್ಮಾನಿಸುವುದು ಅವಸರವಾಗುತ್ತದೆ. ಖಾನಾಪುರ ತಾಲೂಕಿನ ಹಲಸಿಯ ಭೂವರಾಹ ನರಸಿಂಹ ದೇವಾಲಯವನ್ನು ನೋಡಿದವರು ಬಲ್ಲರು: ಅಲ್ಲಿ ಎರಡು ಗರ್ಭಗೃಹಗಳು ಎದುರುಬದುರಾಗಿವೆ, ಮತ್ತು ಎರಡೂ ಒಂದೇ ಸಲ ಹುಟ್ಟಿದವಲ್ಲ. ಹನ್ನೆರಡನೆಯ ಶತಮಾನದಲ್ಲಿ ಗೋವೆಯ ಕದಂಬರ ಆಳ್ವಿಕೆಯಲ್ಲಿ ಆ ಗುಡಿ ಬೆಳೆಯಿತು. ತರುವಾಯದ ಗರ್ಭಗೃಹವನ್ನು ಯಾರೂ ಖೋಟಾ ಎನ್ನುವುದಿಲ್ಲ. ಶಾಸನಗಳು ಅದರ ಕಾಲವನ್ನು ಮುಚ್ಚಿಡದೆ ಹೇಳುತ್ತವೆ. ಅರಮನೆಯ ಬಡಗಿಯು ಒಡೆಯನ ಅಪ್ಪಣೆಯ ಮೇರೆಗೆ ಮುಚ್ಚುಗಾಡಿಯನ್ನು ತೆರೆದದ್ದಾದರೆ ಆ ತೆರೆದ ರೂಪವೂ ಆ ಮೋಟಾರಿನ ಇತಿಹಾಸವೇ. ವ್ಯಾಪಾರಿಯು ಬೆಲೆಯಾಸೆಗೆ ತೆರೆಯಿಸಿ, ಮೊದಲಿನಿಂದಲೂ ಹೀಗೆಯೇ ಇತ್ತೆಂದು ಹೇಳಿದ್ದಾದರೆ ಅದು ಬೇರೆ ಮಾತು. ಎರಡು ಮೋಟಾರುಗಳೂ ಕಣ್ಣಿಗೆ ಒಂದೇ ತೆರನಾಗಿ ಕಾಣಬಹುದು. ಅಂತರ ತಿಳಿಯುವುದು ದಾಖಲೆಯಿಂದ ಮಾತ್ರ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ಅಂಗೀಕರಿಸಿದ ಟ್ಯೂರಿನ್ ಸನ್ನದು ಕಟ್ಟಡಗಳಿಗಾಗಿ ಮಾಡಿದ 1964ರ ವೆನಿಸ್ ಸನ್ನದನ್ನು ಮಾದರಿಯಾಗಿ ಇಟ್ಟುಕೊಂಡಿತೆಂಬುದನ್ನು ನೆನೆದರೆ, ಗುಡಿಗೂ ಮೋಟಾರಿಗೂ ಮಾಡಿದ ಈ ಹೋಲಿಕೆ ಲೇಖಕನ ಸ್ವಂತ ಕಲ್ಪನೆಯಲ್ಲವೆಂದು ವಾಚಕರು ಒಪ್ಪುವರು.

ಭಾರತದ ಕಾನೂನು ಈ ಸೂಕ್ಷ್ಮವನ್ನು ಇನ್ನೂ ಹಿಡಿದಿಲ್ಲ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ವಾಹನವನ್ನು ಹಳೆಯ ವಾಹನವೆಂದು ಬೇರೆಯಾಗಿ ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಅಂಕೆಯ ಫಲಕದಲ್ಲಿ ‘ವಿಎ’ ಎಂಬ ಗುರುತು. ಆದರೆ ವಾಹನವು ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ವಾಣಿಜ್ಯಕ್ಕೂ ಬಳಸುವಂತಿಲ್ಲವಾದ್ದರಿಂದ ಮದುವೆಯ ಬಾಡಿಗೆಗೆ ಇಲ್ಲಿ ಎಡೆಯಿಲ್ಲ. ಇನ್ನು ಸಾಮಾನ್ಯ ವಾಹನಗಳ ವಿಷಯದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ಸೂಚಿಸಿದ ಸ್ವರೂಪವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಸುರಕ್ಷತೆಯ ದೃಷ್ಟಿಯಿಂದ ಇದು ಸರಿಯೇ. ಆದರೆ ಮೂಲರೂಪವೆಂಬ ಮಾತು ತಯಾರಕನೊಬ್ಬನೇ ಇದ್ದಲ್ಲಿ ಸಲೀಸಾಗಿ ಹೊಂದುತ್ತದೆ. ಚಾಸಿಯವನೊಬ್ಬ, ಬಾಡಿಯವನಿನ್ನೊಬ್ಬ, ಹತ್ತು ವರ್ಷಗಳ ಮೇಲೆ ಅದನ್ನು ಒಡೆಯನ ಇಚ್ಛೆಯಂತೆ ತಿದ್ದಿದವನು ಮತ್ತೊಬ್ಬ ಆಗಿರುವಲ್ಲಿ ಮೂಲ ಯಾವುದು? 1930ರ ದಶಕದಲ್ಲಿಯೇ ಛಾವಣಿ ಕಳೆದುಕೊಂಡ ಮೋಟಾರಿನ ಮಾಲಿಕನು ಅದನ್ನು ಸಿದ್ಧಪಡಿಸಲಾರದಿದ್ದರೆ, ನಿನ್ನೆ ಕತ್ತರಿಸಿದ್ದರ ಸಾಲಿನಲ್ಲಿಯೇ ಅವನನ್ನೂ ನಿಲ್ಲಿಸಬಹುದು. ಇನ್ನು, ನೋಂದಣಿಗೆ ಅರ್ಹವಾಗಲೆಂದು ಅಂಥ ಗಾಡಿಗೆ ಹೊಸ ಛಾವಣಿ ಹೊದಿಸುವ ಆಸೆ ಯಾರಿಗಾದರೂ ಹುಟ್ಟಿದರೆ ಎಂಬತ್ತು ವರ್ಷಗಳ ನಿಜವಾದ ಇತಿಹಾಸವೇ ಅಳಿಸಿಹೋಗುತ್ತದೆ.

ಆದುದರಿಂದ ಮೊದಲು ಆಗಬೇಕಾದದ್ದು ದಾಖಲೆಯ ಕೆಲಸ, ಮತ್ತು ಅದು ನಮ್ಮ ಕಾಲೇಜುಗಳ ಅಳವಿಗೆ ಮೀರಿದ್ದಲ್ಲ. ಚಾಸಿಯ ಅಂಕೆ, ಎಂಜಿನಿನ ಅಂಕೆ, ಬಾಗಿಲ ಹೊಸ್ತಿಲಿನಲ್ಲಿ ಬಾಡಿ ಕಟ್ಟಿದವರ ಹಿತ್ತಾಳೆ ಫಲಕವಿದ್ದರೆ ಅದರ ಬರಹ, ಹಳೆಯ ನೋಂದಣಿ ಪುಸ್ತಕ, ಮನೆಗಳ ಮದುವೆಯ ಚಿತ್ರಗಳಲ್ಲಿ ಹಿನ್ನೆಲೆಗೆ ನಿಂತ ಮೋಟಾರುಗಳು, ಇವೆಲ್ಲ ಸಂಗ್ರಹಯೋಗ್ಯ. ಬಾಯಿಮಾತಿನ ಸಾಕ್ಷಿಗೆ ಇನ್ನೂ ಅವಸರವುಂಟು. ಅನಗೋಳಕ್ಕೆ ಹೊಂದಿಕೊಂಡ ಉದ್ಯಮಬಾಗದಲ್ಲಿ ಎರಕದ ಮನೆಗಳೂ ಲೇಥುಗಳೂ ತುಂಬಿವೆ. ತಗಡು ಬಡಿಯುವ, ಬೆಸುಗೆ ಹಾಕುವ ಕೈಗಳಿಗೆ ಇಲ್ಲಿ ಎಂದೂ ಕೊರತೆಯಾಗಿಲ್ಲ. ಮೊದಲು ಹೇಳಿದ ಮದುವೆಯ ಮೋಟಾರಿನ ಛಾವಣಿಯನ್ನು ಯಾವ ವರ್ಷ ತೆಗೆಯಿಸಿದರೆಂದು ಕೇಳಿದಾಗ ಅದರ ಮಾಲಿಕರು ಹೇಳಲಾರದೆ ಹೋದರು, ತಾವು ಕೊಂಡಾಗಲೇ ಹೀಗಿತ್ತೆಂದರು. ಅದನ್ನು ಕತ್ತರಿಸಿದ ಮಿಸ್ತ್ರಿ ಯಾರೆಂಬುದು ಮಾತ್ರ ಅವರಿಗೆ ಗೊತ್ತಿತ್ತು. ಕೆಲಸ ಬಿಟ್ಟು ಬಹಳ ಕಾಲವಾಯಿತಂತೆ, ಕಣ್ಣು ಮಂದವಾಗಿದೆಯಂತೆ. ಆದರೆ ಯಾವ ಮೋಟಾರಿಗೆ ಎಲ್ಲಿ ಪಟ್ಟಿ ಕೊಟ್ಟೆನೆಂಬುದನ್ನು ಈಗಲೂ ಒಂದೊಂದಾಗಿ ಹೇಳುತ್ತಾರಂತೆ.