ಕೆಂಪು ಓಕೆ, ಜೊತೆಗೆ ಕಪ್ಪೋ ನೀಲಿಯೋ?

ವೇಮಗಲ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿದವರಾಗಲಿ, ಬೆಂಗಳೂರಿಗೆ ದಿನಾ ಓಡಾಡೋರಾಗಲಿ, ಆರ್‌ಸಿಬಿ ಜೆರ್ಸಿ ಬಗ್ಗೆ ಅಭಿಪ್ರಾಯ ಇಲ್ಲದವರು ಕಮ್ಮಿ.

2008ರಲ್ಲಿ ತಂಡ ಶುರುವಾದಾಗ ಕೆಂಪು, ಹಳದಿ. ನಮ್ಮ ಕನ್ನಡ ಬಾವುಟದ ಬಣ್ಣ ಅಂತ ಜನ ಖುಷಿಪಟ್ಟರು. ಆಮೇಲೆ ಚಿನ್ನದ ಬಣ್ಣ, ಕಪ್ಪು ಬಂದವು. 2024ರ ಮಾರ್ಚ್ 19ರಂದು ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಹೆಸರು ‘ಬೆಂಗಳೂರು’ ಆಯ್ತು, ಕಪ್ಪು ಹೋಗಿ ಕಡುನೀಲಿ ಬಂತು. ಹೆಸರಿಗೆ ಚಪ್ಪಾಳೆ, ಬಣ್ಣಕ್ಕೆ ಜಗಳ!

ನೀಲಿ ವಿರೋಧಿಗಳ ಹತ್ತಿರ ಲೆಕ್ಕ ಇತ್ತು. 2021ರಲ್ಲಿ ಕೊರೊನಾ ಯೋಧರ ಗೌರವಕ್ಕೆ ನೀಲಿ ಹಾಕಿ ಆಡಿದ ಪಂದ್ಯದಲ್ಲಿ ಕೋಲ್ಕತ್ತಾ ವಿರುದ್ಧ 92ಕ್ಕೆ ಆಲೌಟ್. ಹಸಿರಿನ ಅಭಿಮಾನಿಗಳು 2016 ನೆನಪಿಸ್ತಾರೆ: ಪರಿಸರಕ್ಕಾಗಿ ತೊಟ್ಟ ಹಸಿರು ಜೆರ್ಸಿಯಲ್ಲಿ ಕೊಹ್ಲಿ 109, ಡಿವಿಲಿಯರ್ಸ್ ಅಜೇಯ 129, ಗುಜರಾತ್ ಲಯನ್ಸ್ ಮೇಲೆ 144 ರನ್ ಗೆಲುವು.

ಕೊನೆಗೆ 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ 6 ರನ್‌ಗಳಿಂದ ಗೆದ್ದು ಕಪ್ ಎತ್ತಿದ್ದು ಅದೇ ಕೆಂಪು-ನೀಲಿಯಲ್ಲಿ. ಬಣ್ಣಕ್ಕೆ ಶಾಪವೂ ಇಲ್ಲ, ವರವೂ ಇಲ್ಲ ಅನ್ನೋಕೆ ಇನ್ನೇನು ಬೇಕು?

ಆದರೂ ಈ ಜಗಳ ಬರೀ ಹುಚ್ಚಾಟವಲ್ಲ. ಡಿಸೈನ್ ಬದಲಾದಾಗಲೆಲ್ಲ ಹೊಸ ಜೆರ್ಸಿಗೆ ದುಡ್ಡು ಕೊಡೋದು ಅಭಿಮಾನಿ. ತಿಂಗಳ ಕೊನೆಯಲ್ಲಿ ಅದು ಸಣ್ಣ ಖರ್ಚಲ್ಲ. ಆಟಗಾರ ಹರಾಜಿನಲ್ಲಿ ಬೇರೆ ತಂಡಕ್ಕೆ ಹೋಗಬಹುದು, ಪ್ರಾಯೋಜಕರೂ ಬದಲಾಗಬಹುದು. ವರ್ಷಗಟ್ಟಲೆ ಸೋತಾಗಲೂ ಜೊತೆಗಿದ್ದವನಿಗೆ ‘ಇದು ನಂದು’ ಅನ್ನಿಸೋದು ಆ ಬಣ್ಣವೇ. ಹಾಗಾಗಿ ಅದನ್ನು ಬದಲಿಸುವ ಮುಂಚೆ ಅವನನ್ನೂ ಒಂದು ಮಾತು ಕೇಳಬೇಕಲ್ವಾ?

ನಿಮ್ಮ ಓಟು ಯಾವುದಕ್ಕೆ? ಹಳದಿ, ಕಪ್ಪು, ನೀಲಿ? ಕಾರಣದ ಜೊತೆ ಬರೆದು ಕಳಿಸಿ.